ದೊಡ್ಡಪ್ಪನ ಕುರ್ಚಿಗೆ ಪುಂಡಿಯ ಹುರಿ

ಮನುಷ್ಯ ಮಾತಾಡುವಾಗ ಎಷ್ಟು ಬೇಕಾದರೂ ಸುಳ್ಳು ಹೇಳಬಲ್ಲ, ಆದರೆ ಕೂಡುವಾಗ ಹೇಳಲಾರ. ನನ್ನ ಇಪ್ಪತ್ತಾರು ವರ್ಷದ ಆಯುಷ್ಯದಲ್ಲಿ ನಾನಾಗಿ ಕಂಡುಕೊಂಡ ಸತ್ಯ ಇದೊಂದೇ. ಉಳಿದವೆಲ್ಲ ಅವ್ವ ಹೊಡೆದು ಕಲಿಸಿದವು. ಮದುವೆ, ಸೀಮಂತ, ಗಣಪತಿ ಪೆಂಡಾಲು, ಎಲ್ಲಿ ಕರೆದರೂ ಹೋಗಿ ಮಿಮಿಕ್ರಿ ಮಾಡುವವನು ನಾನು. ಬೇರೆಯವರು ಬರೀ ಧ್ವನಿ ತೆಗೆಯುತ್ತಾರೆ. ನಾನು ಧ್ವನಿಯ ಜೊತೆಗೆ ಅವರು ಕೂಡುವುದನ್ನೂ ಮಾಡಿ ತೋರಿಸುತ್ತೇನೆ. ಒಂದು ಕುರ್ಚಿ ಕೊಟ್ಟರೆ ಅರ್ಧ ತಾಸಿನಲ್ಲಿ ಇಡೀ ಊರನ್ನು ಅದರಲ್ಲಿ ಕೂಡಿಸಿ ಎಬ್ಬಿಸುತ್ತೇನೆ. ಚಿಮ್ಮಡದ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ಯಾವ ಕುರ್ಚಿಯಲ್ಲೂ ನೇರವಾಗಿ ಕೂತವನಲ್ಲ. ಮೊದಲು ಅಂಗೈ ಊರಿ ಒತ್ತುತ್ತಾನೆ, ಎಮ್ಮೆ ಕೊಳ್ಳಲು ಬಂದವನ ಹಾಗೆ ನಾಲ್ಕೂ ಕಾಲು ನೋಡುತ್ತಾನೆ, ಆಮೇಲೆ ಅರ್ಧ ಮೈ ಮಾತ್ರ ಕುರ್ಚಿಗೆ ಕೊಟ್ಟು ಉಳಿದರ್ಧವನ್ನು ತನ್ನ ಕಾಲ ಮೇಲೇ ಇಟ್ಟುಕೊಳ್ಳುತ್ತಾನೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳು ಬೆಲ್ಲದ ಪೆಂಟಿಯ ಹಾಗೇ ಕೂಡುತ್ತಾರೆ. ಒಮ್ಮೆ ಇಟ್ಟರೆ ಹಮಾಲರೇ ಬಂದು ಎತ್ತಬೇಕು. ನಾನು ಹೇಗೆ ಕೂಡುತ್ತೇನೆ ಅಂತ ನೀವು ಕೇಳಬಹುದು. ಕಾಲೇಜಿನ ಗ್ರೂಪ್ ಫೋಟೋದಲ್ಲಿ ನೋಡಿಕೊಂಡಿದ್ದೇನೆ: ಯಾರೋ ಕುರ್ಚಿಯ ಮೇಲೆ ಬಿಸಾಕಿ ಮರೆತುಹೋದ ಪ್ಯಾಂಟಿನ ಹಾಗೆ.

ಆದರೆ ನನಗೆ ಹೆಸರು ತಂದ ಐಟಂ ಬೇರೆ. ಅದು ‘ದೊಡ್ಡಪ್ಪ ಕೂಡೋದು’. ರಬಕವಿಯ ನಮ್ಮ ಮನೆಯ ಮುಂದಿನ ಅರ್ಧದಲ್ಲಿ ಅಪ್ಪನ ನಾಲ್ಕು ಪಾವರ್‌ಲೂಮು ಖಟಖಟ ಅನ್ನುತ್ತಿರುತ್ತವೆ, ಹಿಂದಿನ ಅರ್ಧದಲ್ಲಿ ನಾವು ಅವಕ್ಕಿಂತ ಜೋರಾಗಿ ಮಾತಾಡುತ್ತಿರುತ್ತೇವೆ. ನಡುವಿನ ಪಡಸಾಲೆ ದೊಡ್ಡಪ್ಪನದು. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ನಿವೃತ್ತ ಪೋಸ್ಟ್ ಮಾಸ್ತರರು. ಅಲ್ಲಿ ಅವರ ಕುರ್ಚಿ: ಸಾಗವಾನಿ ಕಟ್ಟಿಗೆ, ಎರಡೂ ಕಡೆ ಕೈ, ಜೇನುಗೂಡಿನಂತೆ ಕಣ್ಣುಕಣ್ಣಾಗಿ ಹೆಣೆದ ಬೆತ್ತದ ಆಸನ. ಯಾವುದೋ ಹಳೆಯ ಕಚೇರಿಯ ಸಾಮಾನು ಹರಾಜಾದಾಗ ತಂದದ್ದಂತೆ. ಅದರಲ್ಲಿ ಅವರು ಕೂಡುವುದು ಮೂರು ಹಂತದಲ್ಲಿ. ಮೊದಲು ಎರಡೂ ಕೈ ಹಿಂದೆ ಚಾಚಿ, ಬಸ್ಸು ರಿವರ್ಸ್ ತಗೊಂಡಂತೆ ಹೊರಳಿ ನೋಡುತ್ತ ಒಂದು “ಶಿವಾ”. ಅರ್ಧ ಬಾಗಿ, ಅಲ್ಲೇ ತಡೆದು, ಇನ್ನೊಂದು “ಶಿವಾ”. ಕೊನೆಗೆ ಧೊಪ್ಪನೆ ಬಿದ್ದು ಮೂರನೆಯ “ಶಿವಾ”. ಈ ಮೂರನೆಯದಕ್ಕೆ ಬೆತ್ತವೂ ‘ಕಿರ್ರ್’ ಅಂತ ದನಿಗೂಡಿಸುತ್ತಿತ್ತು. ನಾನು ಇದನ್ನು ಮಾಡಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಪ್ಪ ಮಾತ್ರ ಪೇಪರಿನ ಮೇಲಿಂದ ಒಮ್ಮೆ ನೋಡಿ, “ಕೆಲಸಿಲ್ಲೇನಲೇ ನಿನಗ?” ಅಂದು ಪೇಪರಿನೊಳಗೆ ಇಳಿದುಬಿಡುತ್ತಿದ್ದರು.

ಅವರ ಬಲ ಮೊಣಕಾಲು ಸವೆದಿದೆ, ಬದಲಿಸಬೇಕು ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ದೊಡ್ಡಪ್ಪ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಅವರ ಗೆಳೆಯರೊಬ್ಬರು ಇಂಥದೇ ಆಪರೇಷನ್ನಿಗೆ ಹೋಗಿ ಬಂದವರು ಹಾಸಿಗೆ ಹಿಡಿದು ಮೇಲೇಳಲೇ ಇಲ್ಲವಂತೆ. ಆ ಅಂಜಿಕೆ ಅವರಿಗೆ ಮೊಣಕಾಲಿಗಿಂತ ಹೆಚ್ಚು ನೋಯುತ್ತಿತ್ತು. ಈ ಸಲ ಅಪ್ಪ ಗಂಟುಬಿದ್ದಾಗ ದೊಡ್ಡಪ್ಪ ಒಂದು ಕರಾರು ಹಾಕಿದರು: “ಹತ್ತನೇ ದಿನ ನನ್ನ ಮನ್ಯಾಗ, ನನ್ನ ಕುರ್ಚ್ಯಾಗ ಕುಂತು ಚಾ ಕುಡೀಬೇಕು. ಅದಕ್ಕ ಹೂಂ ಅಂತಿದ್ರ ನಡೀರಿ.” ಅಪ್ಪ ಹೂಂ ಅಂದು ಅವರನ್ನು ಮೀರಜ್‌ಗೆ ಕರೆದುಕೊಂಡು ಹೋದರು. ಗಾಡಿ ಹತ್ತಿದರೆ ವಾಂತಿಯಾಗುವ ದೊಡ್ಡವ್ವ ಮನೆಯಲ್ಲೇ ಉಳಿದಳು.

ಆಪರೇಷನ್ನಿನ ದಿನ ಸಂಜೆ ಓಣಿಯ ಹೆಣ್ಣುಮಕ್ಕಳೆಲ್ಲ ದೊಡ್ಡವ್ವನಿಗೆ ಧೈರ್ಯ ಹೇಳಲು ಬಂದು, ತಾವೇ ಅಳುವ ಹದಕ್ಕೆ ಬಂದು ಕೂತಿದ್ದರು. ಅವರನ್ನು ನಗಿಸುವುದು ನನ್ನ ಕರ್ತವ್ಯ ಅನ್ನಿಸಿತು. ನನಗೆ ಕರ್ತವ್ಯ ಅನ್ನಿಸಿದ್ದೆಲ್ಲ ಹೀಗೇ ಮುಗಿಯುತ್ತದೆ. ‘ದೊಡ್ಡಪ್ಪ ಕೂಡೋದು’ ಶುರು ಮಾಡಿದೆ. ಮೊದಲ ಶಿವಾಕ್ಕೆ ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡನೆಯದಕ್ಕೆ ಎಲ್ಲರೂ ಖೊಳ್ ಅಂದರು. ಆ ಹುರುಪಿನಲ್ಲಿ ಮೂರನೆಯದಕ್ಕೆ ನಾನು ಒಂದು ಗೇಣು ಹೆಚ್ಚಿಗೆ ಜಿಗಿದು ಬಿದ್ದೆ. ಕಿರ್ರ್ ಅನ್ನಬೇಕಾದ ಬೆತ್ತ ಚರ್ರ್ ಅಂತು. ಮರುಕ್ಷಣ ನನ್ನ ಮೊಣಕಾಲು ನನ್ನ ಮೂಗಿಗೆ ಬಡಿದವು. ಆಸನದ ಚೌಕಟ್ಟಿನೊಳಗೆ ಮಡಚಿ ಇಟ್ಟ ಪೇಪರಿನ ಹಾಗೆ ಸಿಕ್ಕಿಕೊಂಡಿದ್ದೆ. ಇದೂ ಆಟದಲ್ಲೇ ಇದೆ ಅಂದುಕೊಂಡು ಓಣಿ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ನನ್ನ ಕಿಸೆಯಲ್ಲಿದ್ದ ಫೋನು ಬಡಿದುಕೊಂಡಿತು. ಮೀರಜ್‌ನಿಂದ ಅಪ್ಪ: ಆಪರೇಷನ್ ಛಲೋ ಆಗಿದೆ, ನೆಲದ ಮೇಲೆ ಕೂಡುವ ಹಾಗಿಲ್ಲ, ಮೆತ್ತನೆಯ ಸೋಫಾ ಬೇಡ, ಕೈಯಿರುವ ಎತ್ತರದ ಕುರ್ಚಿಯೇ ಬೇಕು ಅಂದಿದ್ದಾರೆ ಡಾಕ್ಟರು. ಹಿಂದಿನಿಂದ ದೊಡ್ಡಪ್ಪನ ಸಣ್ಣ ದನಿ: “ನನ್ನ ಕುರ್ಚಿ ಎಲ್ಲೈತಿ ಕೇಳು ಅವಗ. ಬಿಸಲಾಗ ಇಟ್ಟಾನು.”

“ಇಲ್ಲೇ ಐತ್ರಿ ದೊಡ್ಡಪ್ಪ,” ಅಂದೆ ನಾನು. “ನನ್ನ ಸುತ್ತನಽ ಐತಿ.”

ನಾಲ್ಕು ಜನ ಎಳೆದು ನನ್ನನ್ನು ಹೊರತೆಗೆದರು. ಚಪ್ಪಾಳೆ ನಿಂತಿತ್ತು. ದೊಡ್ಡವ್ವ ತೂತಿನೊಳಗಿಂದ ನೆಲ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ, ಅದೇ ಕೆಟ್ಟದ್ದು. “ಹತ್ತ ದಿನ ಐತಿ ಬಸ್ಯಾ. ಬಂದವ್ರು ಕುರ್ಚಿ ಇಲ್ಲಂದ್ರ ಹಾಸಿಗಿಗೇ ಹೋಗ್ತಾರು. ಹೋದ್ರ ಏಳೂದಿಲ್ಲ ಅವ್ರು, ನಂಗ ಗೊತ್ತೈತಿ,” ಅಂದಳು. ಪ್ಲಾಸ್ಟಿಕ್ ಕುರ್ಚಿ ತಂದರಾಯಿತು ಅಂತ ನೀವು ಅನ್ನಬಹುದು, ನಾನೂ ಅಂದೆ. ಆದರೆ ಹಿಂದೊಮ್ಮೆ ಯಾರದೋ ಮದುವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದು ದೊಡ್ಡಪ್ಪನ ಕೆಳಗೆ ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟಿತ್ತು. ಅಂದಿನಿಂದ ಅವರು ಅದರ ಹತ್ತಿರ ನಿಂತು ಮಾತಾಡುವುದೂ ಇಲ್ಲ.

ನನಗೇನೂ ಅಂಜಿಕೆ ಇರಲಿಲ್ಲ. ಯಾಕೆಂದರೆ ನಾವು ನೇಕಾರರು. ಅಜ್ಜ ನೇಯ್ದರು, ಅಪ್ಪ ನೇಯುತ್ತಾರೆ, ಊರಿಗೂರೇ ನೇಯುತ್ತದೆ. ಸೀರೆ ನೇಯುವ ಮನೆತನಕ್ಕೆ ಗೇಣಗಲದ ಕುರ್ಚಿ ಯಾವ ಲೆಕ್ಕ? ಉಳಿದ ಹತ್ತಿ ನೂಲನ್ನೆಲ್ಲ ಕೂಡಿಸಿ, ಹತ್ತಾರು ಎಳೆ ಸೇರಿಸಿ ಹುರಿ ಮಾಡಿದೆ. ಹಾಸು ಹಾಕಿದೆ, ಹೊಕ್ಕು ಹೊಡೆದೆ. ಮುಂದಿನ ಅಂಚಿಗೆ ಕೆಂಪು ದಡಿಯನ್ನೂ ತಂದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮಗ್ಗಕ್ಕೆ ಏರಿಸುವ ನೂಲಿಗೆ ಗಂಜಿ ಕುಡಿಸುವುದು ನಮ್ಮ ರಕ್ತದಲ್ಲೇ ಇರುವ ರೂಢಿ, ಕುರ್ಚಿಗೂ ಕುಡಿಸಿದೆ. ಒಂದು ಸಲ ಅಲ್ಲ, ಭಕ್ತಿಯಿಂದ ಮೂರು ಸಲ. ಬಿಸಿಲಿಗೆ ಒಣಗಿದ ಮೇಲೆ ಆಸನ ಖಡಕ್ ರೊಟ್ಟಿಯಂತಾಯಿತು. ಬೆರಳಿಂದ ಬಾರಿಸಿದರೆ ಟಣ್ ಅಂದಿತು. ಓಣಿಯವರು ಬಂದು ನೋಡಿ, “ಕುರ್ಚಿಗೆ ಸೀರಿ ಉಡಿಸ್ಯಾನ ನೋಡ್ರಿ” ಅಂದರು. ನಾನು ಹೆಮ್ಮೆಯಿಂದ ಕೂತೆ. ಮೊದಲ ಐದು ನಿಮಿಷ ಸಿಂಹಾಸನ. ಆಮೇಲೆ ಬೇಸಿಗೆಯ ಬೆವರು ತನ್ನ ಕೆಲಸ ಶುರು ಮಾಡಿತು. ಗಂಜಿ ನೆನೆಯಿತು, ನೂಲು ಜೋತಿತು, ನಾನು ನಿಧಾನವಾಗಿ ತೊಟ್ಟಿಲೊಳಗೆ ಇಳಿಯುವ ಕೂಸಿನಂತೆ ಇಳಿದೆ. ಎದ್ದರೆ ಕುರ್ಚಿಯೂ ಜೊತೆಗೇ ಎದ್ದಿತು. ಮರುದಿನ ಮುಂಜಾನೆ ನೋಡಿದರೆ ಓಣಿಯ ಇರುವೆಗಳೆಲ್ಲ ಸಾಲುಗಟ್ಟಿ ಗಂಜಿ ಊಟಕ್ಕೆ ಬಂದಿದ್ದವು. ದೊಡ್ಡವ್ವ ಅಂದಳು, “ದೊಡ್ಡಪ್ಪಗ ಮೊಣಕಾಲು ಹಾಕ್ಯಾರಪ್ಪಾ. ಇರುವಿ ಹತ್ತಿದ್ರ ಓಡಿ ಹೋಗೂವಷ್ಟು ಇನ್ನೂ ಆಗಿಲ್ಲ.”

ನಾಲ್ಕು ದಿನ ಹೀಗೆ ಹೋದವು. ಆಗ ಜಮಖಂಡಿಯಲ್ಲಿ ಹಿಂದೆ ಕಚೇರಿಗಳ ಬೆತ್ತದ ಕುರ್ಚಿ ಹೆಣೆಯುತ್ತಿದ್ದ ದಸ್ತಗೀರ ಚಾಚಾ ಅಂತ ಒಬ್ಬರು ಇದ್ದಾರೆ ಎಂದು ಯಾರೋ ಹೇಳಿದರು. ನೂಲನ್ನು ಕಿತ್ತೊಗೆದು, ತೂತಿನ ಕುರ್ಚಿಯನ್ನು ಹೊತ್ತು ಬಸ್ಸು ಹತ್ತಿದೆ. ಕಂಡಕ್ಟರ್ ಇದಕ್ಕೂ ಟಿಕೆಟ್ ತಗೋ ಅಂದ. “ಸರ, ಇದೇನು ಕೂಡೂದಿಲ್ಲರಿ, ನಿಂತಽ ಬರ್ತೈತಿ,” ಅಂದೆ. ಅವನು ನಕ್ಕು ಮುಂದೆ ಹೋದ. ಬನಹಟ್ಟಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುತ್ತಿದ್ದಂತೆ ಹೊರಗಿನ ಯಜಮಾನರೊಬ್ಬರು ಕಿಟಕಿಯಿಂದ ನನ್ನ ಕುರ್ಚಿ ಕಂಡು, ಸೀಟು ಹಿಡಿಯಲು ತಮ್ಮ ಟವೆಲ್ ಎಸೆದರು. ನೂಕುನುಗ್ಗಲಲ್ಲಿ ಹತ್ತಿ ಬಂದು ನೋಡಿದರೆ ಟವೆಲ್ಲು ತೂತಿನಿಂದ ಇಳಿದು ನೆಲದ ಮೇಲೆ. “ಅಲ್ಲಪಾ, ಸೀಟ ಎಲ್ಲಿ ಹೋತು?” ಅಂದರು. “ಹೋಗಿ ನಾಕ ದಿನ ಆತರಿ ಯಜಮಾನ್ರ. ಅದನ್ನ ಹುಡುಕ್ಕೊಂಡಽ ಹೊಂಟೇನಿ,” ಅಂದೆ.

ಚಾಚಾ ಮನೆಯ ಕಟ್ಟೆಯ ಮೇಲೆ ಕೂತು ನೈಲಾನ್ ಪಟ್ಟಿಯಿಂದ ಮಂಚ ಹೆಣೆಯುತ್ತಿದ್ದರು. ಹುಟ್ಟಿನಿಂದ ಕಣ್ಣು ಕಾಣದವರು. ನನ್ನ ಮಾತು ಮುಗಿಯುವ ಮೊದಲೇ ಕುರ್ಚಿಯನ್ನು ಮಡಿಲಿಗೆ ಎಳೆದುಕೊಂಡು, ಅಂಚಿನಲ್ಲಿ ಉಳಿದ ಬೆತ್ತದ ಚೂರುಗಳ ಮೇಲೆ ಬೆರಳಾಡಿಸಿದರು. “ಇದು ಕುಂತು ಹರದದ್ದಲ್ಲ ಬೇಟಾ. ಜಿಗದು ಹರದದ್ದು. ತೂಕ ಕಡಿಮಿ, ಸೊಕ್ಕು ಜಾಸ್ತಿ. ನೀನಽ ಏನು?” ಎದುರಿಗಿದ್ದವರನ್ನು ಒಂದೇ ನೋಟದಲ್ಲಿ ಹಿಡಿಯುತ್ತೇನೆ ಅಂತ ಬೀಗುವ ನನ್ನನ್ನು ಈ ಮನುಷ್ಯ ಒಂದೂ ನೋಟವಿಲ್ಲದೆ ಹಿಡಿದುಬಿಟ್ಟಿದ್ದರು. ಗಂಜಿಯ ಕಥೆ ಕೇಳಿ ಅವರ ಹೊಟ್ಟೆ ಕುಣಿಯಿತು. “ಮಗ್ಗದಾಗ ಗಂಜಿ ನೂಲಿನ ಮಾನಾ ಕಾಯ್ತೈತಿ. ಕುರ್ಚ್ಯಾಗ ಯಾರ ಮಾನಾ ಕಾಯಬೇಕಿತ್ತು ಅದು? ನಿಂದಾ?”

ಬೆತ್ತ ಅವರ ಹತ್ತಿರ ಇರಲಿಲ್ಲ. ಎಲ್ಲಾ ಕಚೇರಿಗಳಲ್ಲಿ ಗಾಲಿಯ ಕುರ್ಚಿ ಬಂದ ಮೇಲೆ ತರಿಸುವುದನ್ನೇ ಬಿಟ್ಟಿದ್ದರು; ಈಗ ಹೇಳಿದರೆ ಬರಲು ತಿಂಗಳು ಬೇಕು. ನನ್ನ ಮುಖ ಇಳಿದದ್ದು ಅವರಿಗೆ ಹೇಗೋ ಕೇಳಿಸಿತು. “ಬೆತ್ತ ನಮ್ಮ ಸೀಮಿದಲ್ಲ ಬಿಡು. ಇಲ್ಲಿ ಬೆಳಿಯೂದರಾಗ ಏನೈತಿ ನೋಡು. ಬಾಳಿ ನಾರು ಮೆತ್ತಗ, ತಡಿಯೂದಿಲ್ಲ. ಕತ್ತಾಳಿ ಗಟ್ಟಿ, ಆದ್ರ ಮೈ ಕೆರಸ್ತೈತಿ. ಪುಂಡಿ ನಾರು ತಗೊಂಬಾ. ಹುರಿ ಹೊಸಿ. ಚೌಕಟ್ಟಿನ ನಾಕೂ ಪಟ್ಟಿಗೆ ಸುತ್ತಿ ಹೆಣಿಯೂದು ನಾ ಕಲಸ್ತೇನಿ.” ಪುಂಡಿ ಅಂದರೆ ನನಗೆ ಗೊತ್ತಿದ್ದದ್ದು ಪಲ್ಯ ಮಾತ್ರ. ರೊಟ್ಟಿಯ ಜೊತೆ ಹುಳಿಹುಳಿಯಾಗಿ ಹೊಟ್ಟೆಗೆ ಹೋಗುವ ಸೊಪ್ಪಿನ ದಂಟಿನಲ್ಲಿ ದೊಡ್ಡಪ್ಪನನ್ನು ಹೊರುವ ಶಕ್ತಿ ಇದೆ ಅಂತ ಯಾರಿಗೆ ಗೊತ್ತು?

ಹೊರಡುವಾಗ ಚಾಚಾ ಕೇಳಿದರು, “ಇದರಾಗ ಕೂಡೋರು ಹೆಂಗದಾರ? ಭಾರೀನ, ಹಗೂರನ?” ಇಂಥ ಪ್ರಶ್ನೆಗೆ ಬಾಯಿಂದ ಉತ್ತರ ಕೊಟ್ಟು ನನಗೆ ಗೊತ್ತೇ ಇಲ್ಲ. ಮೂರೂ ಶಿವಾ ಹಾಕಿ ಕಟ್ಟೆಯ ಮೇಲೆ ಧೊಪ್ಪನೆ ಕೂತು ತೋರಿಸಿದೆ. ಅವರು ಕಿವಿ ಈ ಕಡೆ ಮಾಡಿ, “ಇನ್ನೊಮ್ಮೆ ಮಾಡು” ಅಂದರು. ಮಾಡಿದೆ. ನಗಲಿಲ್ಲ. “ಧ್ವನಿ ಛಲೋ ತಗೀತಿ. ಆದ್ರ ಅದರಾಗ ಮೊಣಕಾಲಿಲ್ಲ. ಮೊದಲನೇ ಶಿವಾ ಬಾಗಾಕ ಧೈರ್ಯ ಬರಲಿ ಅಂತ. ಎರಡನೇದು ನೋವಿಗೆ. ಮೂರನೇದು, ಮುಗೀತಲ್ಲ ಅಂತ. ನೀ ಮೂರೂ ಒಂದಽ ತೂಕದಾಗ ಅಂದಿ.” ಎಷ್ಟು ಪೆಂಡಾಲುಗಳಲ್ಲಿ ಆ ಐಟಂ ಮಾಡಿದ್ದೆನೋ, ಒಬ್ಬರೂ ಈ ತಪ್ಪು ಹಿಡಿದಿರಲಿಲ್ಲ. ದಿನಕ್ಕೆ ಹತ್ತು ಸಲ ಅದನ್ನು ಎದುರಿಗೇ ನೋಡಿದ ನಾನೂ ಹಿಡಿದಿರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಯಾರ ನಡಿಗೆಯನ್ನೂ ಅಣಕಿಸದೆ ನಡೆದೆ. ನನ್ನನ್ನು ಬಲ್ಲವರು ಆಗ ಕಂಡಿದ್ದರೆ ಜ್ವರ ಬಂದಿದೆ ಅನ್ನುತ್ತಿದ್ದರು.

ಚಿಮ್ಮಡದ ಮಾಮಾ ಏನನ್ನೂ ಒಗೆಯುವವನಲ್ಲ. ಕಬ್ಬಿನ ಹೊಲದ ಬದುವಿಗೆ ಪ್ರತಿ ವರ್ಷ ಪುಂಡಿ ಹಾಕುತ್ತಾನೆ, ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ಸುಲಿಯುತ್ತಾನೆ, ಒಣಗಿಸಿ ಅಟ್ಟಕ್ಕೆ ಏರಿಸುತ್ತಾನೆ, ಆಮೇಲೆ ಪೇಟೆಗೆ ಹೋಗಿ ಎಮ್ಮೆಗೆ ನೈಲಾನ್ ಹಗ್ಗ ತರುತ್ತಾನೆ. ಯಾಕೆ ಅಂತ ಕೇಳಿದರೆ, “ಇರಲಿ, ಬೇಕಾಕ್ಕತಿ” ಅನ್ನುತ್ತಾನೆ. ಹತ್ತು ವರ್ಷದ ‘ಬೇಕಾಕ್ಕತಿ’ ಅಂದು ಅಟ್ಟದಿಂದ ಇಳಿಯಿತು. ಬಂಗಾರದ ಬಣ್ಣ, ಕುದುರೆಯ ಬಾಲದಷ್ಟು ಉದ್ದ. ಅದನ್ನು ಇಳಿಸುವಾಗ ಮಾಮಾನ ಮುಖದಲ್ಲಿದ್ದ ಗತ್ತನ್ನು ಇನ್ನೊಂದು ದಿನ ವೇದಿಕೆಗೆ ತರಬೇಕೆಂದಿದ್ದೇನೆ. “ಹುರಿ ಹೊಸಿಯಾಕ ಮಷೀನ್ ಐತೇನ ಮಾಮಾ?” ಅಂದೆ. “ಐತಿ. ಪ್ಯಾಂಟ ಮ್ಯಾಲ ಮಾಡು,” ಅಂದ. ಬರಿತೊಡೆಯ ಮೇಲೆ ನಾರಿಟ್ಟು ಅಂಗೈಯಿಂದ ಉಜ್ಜುತ್ತ ಹೊಸೆಯಬೇಕು. ಮೊದಲ ಅರ್ಧ ತಾಸಿಗೆ ತೊಡೆಯ ಕೂದಲೂ ಹುರಿಯೊಳಗೆ ಸೇರಿ ಬಂದವು. ನಾನು ಕೂಗಿದಾಗೆಲ್ಲ ಮಾಮಾ, “ಕೂದಲ ಇದ್ರ ಹುರಿ ಬಿಗಿ ಆಕ್ಕತಿ, ಬಿಡು” ಅನ್ನುತ್ತಿದ್ದ. ಎರಡು ದಿನ ಹೊಸೆದೆವು. ಕಾಲ ಕೆಳಗೆ ಹುರಿ ಬೆಳೆಯುತ್ತ ಹೋಯಿತು, ತೊಡೆ ಟೊಮ್ಯಾಟೊ ಆಗುತ್ತ ಬಂತು. ಆಮೇಲೆ ಚಾಚಾ ಹೇಳಿದಂತೆ ಹುರಿಗೆ ಕಲ್ಲು ಕಟ್ಟಿ ಬೇವಿನ ಗಿಡಕ್ಕೆ ಒಂದು ದಿನ ಇಳಿಬಿಟ್ಟೆವು. ಜೋಲುವುದೆಲ್ಲ ಅಲ್ಲೇ ಜೋತು ಮುಗಿಯಲಿ ಅಂತ. ಗಂಜಿ ಮಾಡದ ಕೆಲಸವನ್ನು ಕಲ್ಲು ಮಾಡಿತು.

ಎಂಟನೆಯ ದಿನ ಚಾಚಾನ ಕಟ್ಟೆ. ಕೆಳಗೆ ಕುಕ್ಕರಗಾಲಲ್ಲಿ ಕೂತ ನಾನು, ಎದುರಿಗೆ ಕುರ್ಚಿ, ಮೇಲಿಂದ ಚಾಚಾನ ಬೆರಳು. ಮುಂದಿನ ಪಟ್ಟಿಗೆ ಒಂದು ಸುತ್ತು, ಪಕ್ಕದ ಪಟ್ಟಿಗೆ ಒಂದು ಸುತ್ತು, ಹಾಗೇ ಮೂಲೆಯಿಂದ ಮೂಲೆಗೆ ಹೋಗುತ್ತ ನಡುವಿಗೆ ಬಂದು ಕೂಡಬೇಕು. ಮೇಲಿನ ಪದರಿಗೂ ಕೆಳಗಿನ ಪದರಿಗೂ ನಡುವೆ ತುಂಬಲು ಒಣ ರವದಿ, ಅಂದರೆ ಕಬ್ಬಿನ ಸೋಗೆ. ಅದನ್ನೂ ಮಾಮಾನೇ ಕಟ್ಟಿ ಕೊಟ್ಟಿದ್ದ: “ಸುಡೂ ರವದಿಗೆ ಕುರ್ಚಿ ಸಿಕ್ತಲ್ಲಪಾ! ಅದರ ನಸೀಬ ನೋಡು.” ನಾನು ಸಡಿಲ ಎಳೆದರೆ ಚಾಚಾ ಒಂದು ಬೆರಳು ಮುಟ್ಟಿಸಿ, “ಬಿಚ್ಚು” ಅನ್ನುತ್ತಿದ್ದರು. ಬಿಚ್ಚಿದೆ, ಹೆಣೆದೆ, ಬಿಚ್ಚಿದೆ. ಅವರ ಹಾಗೆ “ಬಿಚ್ಚು” ಅನ್ನುವುದನ್ನು ಎರಡನೆಯ ದಿನದ ಹೊತ್ತಿಗೆ ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಒಮ್ಮೆ ಒಳಗಿಂದ ಚಾಚಾನ ಹೆಂಡತಿ ಬಂದು, “ಏನ್ರೀ, ಎಷ್ಟ ಬಿಚ್ಚಸ್ತೀರಿ ಆ ಹುಡುಗನ ಕೈಲೆ?” ಅಂತ ಚಾಚಾನ್ನೇ ಬೈದು ಹೋದರು. ಒಂಬತ್ತನೆಯ ದಿನ ಮಧ್ಯಾಹ್ನ ನಾಲ್ಕು ತ್ರಿಕೋನಗಳು ನಡುವೆ ಬಂದು ಕೂಡಿದವು. ಚಾಚಾ ಅಂಗೈಯಿಂದ ಇಡೀ ಆಸನ ಸವರಿ, ಎಡಮೂಲೆಯಲ್ಲಿ ಒಂದು ಕ್ಷಣ ಬೆರಳು ನಿಲ್ಲಿಸಿದರು. ಈ ಸಲ “ಬಿಚ್ಚು” ಅನ್ನಲಿಲ್ಲ, ಕುರ್ಚಿಯನ್ನು ನನ್ನ ಕಡೆ ಸರಿಸಿದರು.

ಅದರ ಪರೀಕ್ಷೆಯನ್ನು ಬಸ್ಸೇ ಮಾಡಿತು. ಜಮಖಂಡಿಯಲ್ಲಿ ಹತ್ತಿದ ದಪ್ಪನೆಯ ಅಜ್ಜಿಯೊಬ್ಬಳು, ಗಂಟಿನ ಸಮೇತ, ನನ್ನನ್ನು ಕೇಳದೆ ಕುರ್ಚಿಯಲ್ಲಿ ಕೂತಳು. ಪ್ರತಿ ತಗ್ಗಿಗೂ ಬಸ್ಸು ಅವಳನ್ನು ಎತ್ತಿ ಕುಕ್ಕುತ್ತಿತ್ತು. ಪ್ರತಿ ಕುಕ್ಕಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆಸನ ಚಕಾರ ಎತ್ತಲಿಲ್ಲ. ರಬಕವಿ ಬಂದಾಗ, “ಯಮ್ಮಾ, ಇಳೀಬೇಕ್ರಿ, ಕುರ್ಚಿ ನಂದು,” ಅಂದೆ. “ಇಳಿಯೋ ಯಪ್ಪಾ, ಯಾರ ಬ್ಯಾಡಂದಾರ? ಕುರ್ಚಿ ಮಹಾಲಿಂಗಪುರತನಕಾ ಬರ್ತೈತಿ,” ಅಂದಳು. ಅವಳನ್ನು ಎಬ್ಬಿಸಲು ಕಂಡಕ್ಟರ್ ಬರಬೇಕಾಯಿತು. ಎದ್ದವಳು ತಿರುಗಿ ಆಸನ ತಟ್ಟಿ, “ಛಲೋ ಐತಿ,” ಅಂದಳು. ನನಗೆ ಇದುವರೆಗೆ ಸಿಕ್ಕ ಯಾವ ಶಾಲು ಹಾರವೂ ಅದಕ್ಕೆ ಸಮವಲ್ಲ.

ಹತ್ತನೆಯ ದಿನ ಗಾಡಿ ಬಂತು. ದೊಡ್ಡಪ್ಪ ವಾಕರ್ ಹಿಡಿದು ಪಡಸಾಲೆಗೆ ಬಂದು ಕುರ್ಚಿಯ ಎದುರು ನಿಂತರು. ಮಗ್ಗ ಬಂದ್ ಮಾಡಿಸಿದ್ದರಿಂದ ಮನೆ ನಮ್ಮ ಮನೆಯಂತೇ ಇರಲಿಲ್ಲ. “ನನ್ನ ಬೆತ್ತ ಎಲ್ಲಿ?” ಅಂದರು. ನಾನು ಎಲ್ಲ ಹೇಳಿದೆ, ಜಿಗಿದದ್ದನ್ನೂ, ಗಂಜಿಯನ್ನೂ. ಯಾರ ಧ್ವನಿಯನ್ನೂ ತೆಗೆಯದೆ, ನನ್ನದರಲ್ಲೇ ಹೇಳಿದೆ. ಅದು ಇಷ್ಟು ಸಣ್ಣದಿದೆ ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡಪ್ಪ ಕೈ ಚಾಚಿದ್ದು ಕುರ್ಚಿಗಲ್ಲ, ಹಾಸಿಗೆಯಿದ್ದ ಕೋಣೆಯ ಬಾಗಿಲಿಗೆ ಅನ್ನಿಸಿ ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು. ತನ್ನ ಪುಂಡಿಯ ಗತಿ ನೋಡಲೆಂದೇ ಚಿಮ್ಮಡದಿಂದ ಬಂದಿದ್ದ ಮಾಮಾ ಆಗ ಮುಂದೆ ಬಂದ. ಎಂದಿನಂತೆ ಅಂಗೈ ಊರಿ ಒತ್ತಿದ, ನಾಲ್ಕೂ ಕಾಲು ನೋಡಿದ, ಆಮೇಲೆ ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಕೂತ. ಎರಡು ಸಲ ಕುಪ್ಪಳಿಸಿ ಎದ್ದು, “ಕೂಡ್ರಿ ಮಾಸ್ತರ,” ಅಂದ.

ದೊಡ್ಡಪ್ಪ ಕೈ ಚಾಚಿ ಕುರ್ಚಿಯ ಕೈ ಹಿಡಿದರು. ನಿಧಾನವಾಗಿ ಬಾಗಿದರು. ನಾವೆಲ್ಲ ಮನಸ್ಸಿನಲ್ಲೇ ಮೂರು ಶಿವಾ ಎಣಿಸುತ್ತ ನಿಂತೆವು. ಒಂದೂ ಬರಲಿಲ್ಲ. ಧೊಪ್ ಇಲ್ಲ, ಕಿರ್ರ್ ಇಲ್ಲ. ಕಾಗದದ ಮೇಲೆ ಅಂಚೆಚೀಟಿ ಕೂತ ಹಾಗೆ ಕೂತರು. ಹೊಸ ಮೊಣಕಾಲು ತಗ್ಗಿಸಿ ನೋಡಿ, ಅವರೇ ಬೆರಗಾದಂತೆ, “ನೋಯ್ಲಿಲ್ಲಲ್ಲ!” ಅಂದರು. ದೊಡ್ಡವ್ವ ಅಡುಗೆಮನೆಗೆ ಓಡಿದ್ದು ಚಹಾಕ್ಕೋ ಅಳುವುದಕ್ಕೋ ತಿಳಿಯಲಿಲ್ಲ. ಎರಡನ್ನೂ ಮುಗಿಸಿಕೊಂಡು ಬಂದಳು. ದೊಡ್ಡಪ್ಪ ಬಸಿಗೆ ಸುರಿದುಕೊಂಡು ಚಹಾ ಹೀರುತ್ತ ಎಡಮೂಲೆಗೆ ಬೆರಳಾಡಿಸಿ, “ಇಲ್ಲೊಂದು ಎಳಿ ಸೊಟ್ಟ ಐತಿ,” ಅಂದರು. “ಬಿಚ್ಚಲೇನ್ರಿ?” ಅಂದೆ. “ಬ್ಯಾಡ, ಇರಲಿ. ಯಾರು ಕಳಿಸ್ಯಾರ ಅಂತ ಗೊತ್ತಾಗಾಕ ಲಕೋಟಿ ಮ್ಯಾಲ ಒತ್ತಿಧಂಗ ಒಂದು ಸಿಕ್ಕಾ ಬೇಕಲ್ಲ.”

ಅಂದು ಸಂಜೆ ಅದೇ ಓಣಿ ಮತ್ತೆ ನೆರೆಯಿತು. ‘ದೊಡ್ಡಪ್ಪ ಕೂಡೋದು’ ಮಾಡು ಅಂತ ಎಲ್ಲರೂ ಗಂಟುಬಿದ್ದರು. “ಮಾಡಲೇ, ನಾನೂ ಸರಿಯಾಗಿ ನೋಡೇ ಇಲ್ಲ,” ಅಂದರು ಸ್ವತಃ ದೊಡ್ಡಪ್ಪ. ನಾನು ಕೈ ಮುಗಿದೆ. ಆ ಐಟಂ ಮುಗಿದುಹೋಯಿತು, ಅಸಲಿ ಮನುಷ್ಯರೇ ಹಾಗೆ ಕೂಡುವುದನ್ನು ಬಿಟ್ಟ ಮೇಲೆ ನಾನೇನು ಮಾಡಲಿ ಅಂದೆ. ಹಾಗೆಂದು, ಸುಸ್ತಾಗಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಕಡೆ ನಡೆದೆ. ಎರಡು ದಿನ ಹುರಿ ಹೊಸೆದ ತೊಡೆ, ಎರಡು ದಿನ ಕುಕ್ಕರಗಾಲಲ್ಲಿ ಕೂತ ಸೊಂಟ. ಎರಡೂ ಕೈ ಹಿಂದೆ ಚಾಚಿ, ಕುರ್ಚಿ ಎಲ್ಲಿದೆ ಅಂತ ಹೊರಳಿ ನೋಡುತ್ತ, ಧೈರ್ಯಕ್ಕೆ, “ಶಿವಾ,” ಅಂದೆ. ಅರ್ಧ ಬಾಗಿದಾಗ ಸೊಂಟ ಹಿಡಿದುಕೊಂಡು ಅಲ್ಲೇ ತಡೆದೆ. “ಶಿವಾ!” ಕೊನೆಗೆ ಧೊಪ್ಪನೆ ಬಿದ್ದು, ಮುಗಿಯಿತಲ್ಲ ಅಂತ, “ಶಿವಾ…”

ಓಣಿ ಹುಚ್ಚೆದ್ದು ನಕ್ಕಿತು. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ದೊಡ್ಡಪ್ಪ ಇದೇ ಮೊದಲ ಸಲ, ಕುರ್ಚಿಯ ಎರಡೂ ಕೈ ಬಡಿಯುತ್ತ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಭಲೇ! ಈಗ ಬಂತ ನೋಡ್ರಿ ಖರೆ ಧ್ವನಿ! ಏಳಲೇ, ಎದ್ದ ನಿಂತು ಎಲ್ಲಾರಿಗೂ ಒಂದು ನಮಸ್ಕಾರ ಮಾಡು,” ಅಂದರು.

ಮಾಡಬೇಕಿತ್ತು. ಏಳಲು ಆಗಲಿಲ್ಲ.